ಚಪ್ಪಟೆ ಪಾದದ ನಡಿಗೆ

ಬಚ್ಚಲಿನಿಂದ ಹೊರಬಂದವರ ಒದ್ದೆ ಹೆಜ್ಜೆ ನೋಡಿ. ಹಿಮ್ಮಡಿಗೂ ಬೆರಳ ಬುಡಕ್ಕೂ ನಡುವೆ, ಒಳಬದಿಯಲ್ಲಿ ನೆಲ ಒಣಗಿಯೇ ಇದ್ದರೆ ಪಾದಕ್ಕೆ ಕಮಾನಿದೆ. ಇಡೀ ಅಂಗಾಲು ಮೂಡಿದ್ದರೆ ಅದು ಚಪ್ಪಟೆ ಪಾದ. ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ 2300 ಮಕ್ಕಳ ಇಂಥ ಅಚ್ಚುಗಳನ್ನು ನೋಡಿ 1992ರಲ್ಲಿ ಬರೆದದ್ದು ಪ್ರಸಿದ್ಧ: ಚಪ್ಪಲಿ, ಶೂ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನವರಲ್ಲಿ ಶೇ 2.8.

ಆದರೆ ಅಚ್ಚು ಹೇಳುವುದು ನಿಂತ ಕಾಲಿನ ಸಂಗತಿ. ನಡೆಯುವಾಗ ಸ್ನಾಯುಗಳು ಏನು ಮಾಡುತ್ತವೆ? ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದ ಮರ್ಲಿ ಮತ್ತು ಸಂಗಡಿಗರು ಅದನ್ನು ಅಳೆದು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಪ್ಪಟೆ ಪಾದದ 30 ಮಂದಿ ವಯಸ್ಕರು ಅವರಿಗಾಗಿ ನಡೆದರು.

ಕಮಾನನ್ನು ಎತ್ತಿ ಹಿಡಿಯುವ ಮುಖ್ಯ ಸ್ನಾಯು ಟಿಬಿಯಾಲಿಸ್ ಪೋಸ್ಟೀರಿಯರ್. ಅದು ಮೀನಖಂಡದಡಿ, ಎಲುಬಿಗೆ ಒತ್ತಿಕೊಂಡು ಆಳದಲ್ಲಿದೆ. ಚರ್ಮದ ಮೇಲೆ ಅಂಟಿಸಿದ ಪಟ್ಟಿಗೆ ಅದರ ವಿದ್ಯುತ್ ಸಂಕೇತ ಸಿಗದು. ಹಾಗಾಗಿ ಅಲ್ಟ್ರಾಸೌಂಡ್ ಪರದೆಯ ಬೂದು ಪದರಗಳ ಮೇಲೆ ಕಣ್ಣಿಟ್ಟು ಸೂಜಿ ಇಳಿಸಬೇಕು. ಸೂಜಿ ಹಿಂದೆ ಬರುತ್ತದೆ. ಕೂದಲೆಳೆಯಂಥ ತಂತಿ, ಕೊಕ್ಕೆಯಂತೆ ಬಾಗಿದ ತುದಿಯಿಂದ ಸ್ನಾಯುವಿನಲ್ಲೇ ನಿಲ್ಲುತ್ತದೆ. ಆ ತಂತಿ ಹೊತ್ತೇ ನಡೆಯಬೇಕು. ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಆ ಸಂಕೇತ ತೋರುವ ಪರದೆಯ ಗೆರೆ ಪೊದೆಯಂತೆ ಕೆದರುತ್ತದೆ, ಕಾಲು ಗಾಳಿಯಲ್ಲಿದ್ದಾಗ ತೆಳುವಾಗುತ್ತದೆ.

ಒಮ್ಮೆ ಬರೀ ಶೂ. ಇನ್ನೊಮ್ಮೆ ಅದೇ ಶೂ ಒಳಗೆ, ಒಳಬದಿ ಎತ್ತರಿಸಿದ ಇನ್‌ಸೋಲ್. ಹೆಜ್ಜೆ ಊರುವ ಹೊತ್ತಿನಲ್ಲಿ ಟಿಬಿಯಾಲಿಸ್‌ನ ಶ್ರಮ ಇಳಿಯಿತು: ಸಿದ್ಧ ಇನ್‌ಸೋಲನ್ನು ತಿದ್ದಿ ಕೊಟ್ಟಾಗ ಸುಮಾರು ಶೇ 19, ಕಾಲಿಗೆಂದೇ ಮಾಡಿಸಿದ್ದರಲ್ಲಿ ಶೇ 12. ಅಳತೆ ಕೊಟ್ಟು ದುಬಾರಿ ಇನ್‌ಸೋಲ್ ಮಾಡಿಸಿಕೊಳ್ಳುವವರು ಈ ಅಂಕಿಗಳತ್ತ ಒಮ್ಮೆ ನೋಡಬೇಕು! ಆದರೆ ಹೊರಬದಿಯ ಕಾಲ್ಗಂಟಿನ ಹಿಂದಿನಿಂದ ಇಳಿದು ಅಂಗಾಲಿನಡಿ ಹೆಬ್ಬೆರಳ ಕಡೆಗೆ ಹಾಯುವ ಪೆರೋನಿಯಸ್ ಲಾಂಗಸ್, ನಡಿಗೆಯ ಮುಂದಿನ ಹಂತದಲ್ಲಿ ಹೆಚ್ಚು ದುಡಿಯತೊಡಗಿತು. ಒಂದರ ಹೊರೆ ಇಳಿದರೆ ಇನ್ನೊಂದರ ಹೊರೆ ಏರಿತು.

ಇನ್‌ಸೋಲ್ ಕಮಾನು ಕಟ್ಟಿಕೊಡುತ್ತದೆಂದು ಅಂಗಡಿಯವರು ಹೇಳುವುದನ್ನು ನಾನು ನಂಬುವುದಿಲ್ಲ. ಅದು ಕೆಲಸದ ಹಂಚಿಕೆ ಬದಲಿಸುತ್ತದೆ, ಅಷ್ಟೇ. ನೋವಿಲ್ಲದ ಚಪ್ಪಟೆ ಪಾದಕ್ಕೆ ಆ ಬದಲಾವಣೆಯ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.