ಲಾರಿ ನಿಲ್ಲಿಸುವ ಧೈರ್ಯ

ಮದ್ರಸದಲ್ಲಿ ಹೊಸ ವರ್ಷದ ದಾಖಲಾತಿಯ ಸಮಯ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, "ಅಬ್ಬ ಏನು ಮಾಡುತ್ತಾರೆ?" ಎಂದು ಕೇಳುತ್ತಿದ್ದೆ. ಒಬ್ಬನ ತಂದೆಗೆ ಅಂಗಡಿ, ಇನ್ನೊಬ್ಬನ ತಂದೆಗೆ ಮೀನಿನ ವ್ಯಾಪಾರ, ಮತ್ತೊಬ್ಬನ ತಂದೆ ಸೌದಿಯಲ್ಲಿ. ಕೊನೆಯ ಬೆಂಚಿನ ಹುಡುಗ ಎದ್ದು ನಿಂತು, "ಅಬ್ಬ ಲಾರಿಯಲ್ಲಿದ್ದಾರೆ" ಎಂದ. ಡ್ರೈವರ್ ಎನ್ನಲಿಲ್ಲ. ಇತರ ಮಕ್ಕಳಿಗೆ ಸೌದಿ ಹೇಗೋ ಅವನಿಗೆ ಲಾರಿಯೂ ಹಾಗೆಯೇ ಒಂದು ಊರು. ಅಬ್ಬ ಅಲ್ಲೇ ಇರುತ್ತಾರೆ, ಅಲ್ಲಿಂದಲೇ ಫೋನ್ ಮಾಡುತ್ತಾರೆ, ತಿಂಗಳಿಗೆ ಎರಡು ಬಾರಿ ಮನೆಗೆ ಬಂದು ಮಲಗುತ್ತಾರೆ.

ಸಹೋದರಿಯರೇ, ಇಂದು ನಿಮ್ಮ ಅಡುಗೆ ಮನೆಯಲ್ಲಿ ಹೆಚ್ಚಿದ ಈರುಳ್ಳಿ, ಬೇಯಿಸಿದ ಅಕ್ಕಿ, ಒಲೆ ಹೊತ್ತಿಸಿದ ಗ್ಯಾಸ್ ಸಿಲಿಂಡರ್ ಎಲ್ಲವೂ ಯಾವುದೋ ಲಾರಿಯಲ್ಲೇ ಬಂದಿರಬೇಕು. ನಾವೆಲ್ಲ ಮಲಗಿರುವಾಗ ಒಬ್ಬ ಮನುಷ್ಯ ಎಚ್ಚರವಿದ್ದು ಅದನ್ನು ಘಾಟಿ ಇಳಿಸಿ ತಂದಿರುತ್ತಾನೆ. ಆದರೆ ಲಾರಿ ಚಾಲಕ ಎಂದೊಡನೆ ನಮ್ಮಲ್ಲಿ ಹಲವರ ಮನಸ್ಸಿಗೆ ಬರುವುದು ಕುಡಿತ, ಒರಟು ಮಾತು, ಅಡ್ಡಾದಿಡ್ಡಿ ಓಟ. ಹೆಣ್ಣು ಕೊಡುವಾಗಲೂ "ಹುಡುಗ ಲಾರಿ ಡ್ರೈವರ್" ಎಂದರೆ ಮುಖ ಸಿಂಡರಿಸುವವರಿದ್ದಾರೆ. ಈ ಕೆಲಸದಲ್ಲಿ ಎಷ್ಟು ವಿದ್ಯೆ ಇದೆ, ಎಷ್ಟು ಸಂಯಮ ಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಒಂದು ರಾತ್ರಿ ಅದನ್ನು ನನಗೆ ಕಲಿಸಿತು.

ಶಿರಾಡಿಯಲ್ಲಿ ಕಲಿತ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಹಾಸನದಲ್ಲಿ ಸಂಬಂಧಿಕರೊಬ್ಬರ ಮಯ್ಯಿತ್‌ಗೆ ಹೋಗಿದ್ದೆ. ಮರಳುವಾಗ ತಡವಾಗಿ ಬಸ್ಸು ತಪ್ಪಿತು. ನಮ್ಮ ನೆರೆಮನೆಯ ಕಾಕ ಬೆಂಗಳೂರಿನಿಂದ ಮಂಗಳೂರಿಗೆ ಲೋಡ್ ತರುತ್ತಿದ್ದಾರೆಂದು ತಿಳಿದು ಅವರಿಗೆ ಫೋನ್ ಮಾಡಿದೆ. ನಡುರಾತ್ರಿ ಅವರ ಲಾರಿ ಹತ್ತಿದೆ. ಬೆಳಿಗ್ಗೆ ಏಳು ಗಂಟೆಗೆ ನನಗೆ ಮದ್ರಸದ ತರಗತಿ.

ಸಕಲೇಶಪುರ ತಲುಪುವಾಗ ಕಾಕ ಲಾರಿಯನ್ನು ರಸ್ತೆಯಿಂದ ಸಾಕಷ್ಟು ಒಳಗೆ ಒಂದು ಹೋಟೆಲಿನ ಅಂಗಳಕ್ಕೆ ತಿರುಗಿಸಿ ನಿಲ್ಲಿಸಿದರು. "ಉಸ್ತಾದರೇ, ಕಣ್ಣು ಭಾರವಾಗುತ್ತಿದೆ. ಒಂದು ಗಂಟೆ ಮಲಗಿ ಘಾಟಿ ಇಳಿಯೋಣ" ಎಂದರು. ನನಗೆ ಒಳಗೊಳಗೆ ಸಿಟ್ಟು ಬಂತು. "ಕಾಕ, ಇನ್ನೆಷ್ಟು ದೂರ? ಒಂದು ಚಹಾ ಕುಡಿದರೆ ನಿದ್ದೆ ಹೋಗುತ್ತದಲ್ಲ?" ಎಂದೆ. ಅವರು ನಕ್ಕರು. "ಚಹಾ ಕುಡಿದರೆ ಬಾಯಿ ಎಚ್ಚರವಾಗುತ್ತದೆ, ಕಣ್ಣಲ್ಲ" ಎಂದು ಹೇಳಿ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿಯೇ ಬಿಟ್ಟರು.

ಎದ್ದ ನಂತರ ಟಾರ್ಚ್ ಹಿಡಿದು ಲಾರಿಗೆ ಒಂದು ಸುತ್ತು ಬಂದರು. ಟಯರುಗಳನ್ನು ತಟ್ಟಿ ನೋಡಿದರು, ಟಾರ್ಪಾಲಿನ ಹಗ್ಗ ಎಳೆದು ನೋಡಿದರು, ಹಿಂದಿನ ದೀಪ ಉರಿಯುತ್ತಿದೆಯೇ ಎಂದು ನನ್ನನ್ನು ಕೇಳಿದರು. ಒಳಗೆ ಬಂದು ಕುಳಿತು ಬ್ರೇಕಿಗೆ ಬೇಕಾದ ಗಾಳಿಯ ಒತ್ತಡ ತೋರಿಸುವ ಮುಳ್ಳು ಮೇಲೇರುವವರೆಗೂ ಕಾದರು. ನಂತರ "ಬಿಸ್ಮಿಲ್ಲಾಹ್" ಎಂದು ಲಾರಿ ಹೊರಡಿಸಿದರು.

ಹೆಗ್ಗದ್ದೆಯಿಂದ ಗುಂಡ್ಯದವರೆಗೆ ಸುಮಾರು 26 ಕಿ.ಮೀ. ಇಳಿಜಾರು. ಲಾರಿ ಇರುವೆಯಂತೆ ಸಾಗುತ್ತಿತ್ತು. ಹಿಂದಿನಿಂದ ಕಾರುಗಳು ಹಾರ್ನ್ ಬಾರಿಸಿ ಮುಂದೆ ಹೋದವು. ಕಾಕ ಹೇಳಿದರು: "ಹತ್ತುವ ಗೇರಿನಲ್ಲೇ ಇಳಿಯಬೇಕು ಉಸ್ತಾದರೇ. ಲಾರಿಯನ್ನು ಹಿಡಿದಿಡಬೇಕಾದದ್ದು ಇಂಜಿನ್. ಬ್ರೇಕನ್ನೇ ನಂಬಿದರೆ ಅರ್ಧ ಘಾಟಿಯಲ್ಲಿ ಅದು ನಮ್ಮನ್ನು ಬಿಟ್ಟು ಹೋಗುತ್ತದೆ."

ಇದರ ಅರ್ಥ ಆಮೇಲೆ ತಿಳಿಯಿತು. ಭಾರ ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿಸಿದರೆ ಡ್ರಮ್ಮು, ಲೈನರುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಸುಟ್ಟ ವಾಸನೆ ಬರತೊಡಗಿದಾಗ ತಡವಾಗಿರುತ್ತದೆ. ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕಿ ಇಳಿಯುವವರಿದ್ದಾರೆ. ಆಗ ಇಂಜಿನ್ನಿನ ಹಿಡಿತವೂ ಇಲ್ಲ. ಇಂಜಿನ್ನನ್ನೇ ಆಫ್ ಮಾಡಿದರಂತೂ ಸ್ಟಿಯರಿಂಗ್ ಕಲ್ಲಾಗುತ್ತದೆ, ಬ್ರೇಕಿಗೆ ಹೊಸ ಗಾಳಿ ತುಂಬುವುದಿಲ್ಲ. ನಾಲ್ಕು ಲೀಟರ್ ಡೀಸೆಲ್‌ನ ಲಾಭಕ್ಕೆ ಒಂದು ಜೀವದ ಪಣ!

ಅಂದು ನಾನು ಮದ್ರಸಕ್ಕೆ ತಡವಾಗಿ ತಲುಪಿದೆ. ಯಾವ ನಷ್ಟವೂ ಆಗಲಿಲ್ಲ. ಆದರೆ ಕಾಕ ನನ್ನ ಮಾತು ಕೇಳಿ, ನಿದ್ದೆಗಣ್ಣಿನಲ್ಲೇ ಘಾಟಿ ಇಳಿದಿದ್ದರೆ? ಅವರ ಮೇಲೆ ಒತ್ತಡ ಹೇರಿದವನು ನಾನೇ ಆಗಿದ್ದೆ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮೂರು ಸೆಕೆಂಡುಗಳ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದೂರ ಕ್ರಮಿಸುತ್ತದೆ. ಚಾಲಕನ ರೆಪ್ಪೆ ಮೂರೇ ಸೆಕೆಂಡು ಮುಚ್ಚಿದರೆ, 50 ಮೀಟರ್ ದೂರ ಆ ಲಾರಿಯನ್ನು ಯಾರೂ ಓಡಿಸುತ್ತಿರುವುದಿಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಮನುಷ್ಯನ ಶರೀರ ನಡುರಾತ್ರಿ ಕಳೆದು ಬೆಳಗಾಗುವವರೆಗೆ ನಿದ್ದೆಯನ್ನೇ ಬೇಡುತ್ತದೆ. ಇಚ್ಛಾಶಕ್ತಿಯಿಂದ ಅದನ್ನು ಗೆಲ್ಲುತ್ತೇನೆ ಎನ್ನುವುದು ಭ್ರಮೆ.

ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅಂದರೆ ದಿನವೊಂದಕ್ಕೆ ಸುಮಾರು 460 ಮಂದಿ. ಪ್ರತಿಯೊಬ್ಬರ ಹಿಂದೆಯೂ ಒಂದು ಮನೆ ಇದೆ.

'ಬೇಡ' ಎನ್ನಲಾಗದ ಕಷ್ಟ

ಒಳ್ಳೆಯ ಚಾಲಕ ಯಾರು? ಬೇಗ ತಲುಪುವವನೇ? ನನ್ನ ಮಟ್ಟಿಗೆ, ಎಲ್ಲಿ ನಿಲ್ಲಿಸಬೇಕು, ಯಾವಾಗ 'ಬೇಡ' ಎನ್ನಬೇಕು ಎಂದು ತಿಳಿದವನೇ ಒಳ್ಳೆಯ ಚಾಲಕ. ಮಿತಿಮೀರಿದ ಭಾರ ಬೇಡ. ನಿದ್ದೆಯಿಲ್ಲದ ಮೂರನೆಯ ರಾತ್ರಿ ಬೇಡ. ಲೋಡಿನ ಮೇಲೆ ಜನರು ಕುಳಿತುಕೊಳ್ಳುವುದು ಬೇಡ.

2025ರ ಜನವರಿ 22ರ ನಸುಕಿನ ಸುದ್ದಿಯನ್ನು ನೀವು ಮರೆತಿರಲಾರಿರಿ. ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ತರಕಾರಿ, ಹಣ್ಣುಗಳ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ಮೃತಪಟ್ಟರು. ಅವರೆಲ್ಲ ತಮ್ಮ ಸರಕಿನೊಂದಿಗೆ ಅದೇ ಲಾರಿಯಲ್ಲಿ ಸಾಗುತ್ತಿದ್ದ ಬಡ ವ್ಯಾಪಾರಿಗಳು. ಸವಣೂರಿನ ಎಷ್ಟೋ ಮನೆಗಳಲ್ಲಿ ಅಂದು ಒಲೆ ಉರಿಯಲಿಲ್ಲ. ಬಸ್ಸಿನ ಖರ್ಚು ಉಳಿಯುತ್ತದೆ, ಸರಕಿಗೆ ಕಾವಲಾಗುತ್ತದೆ ಎಂದು ಬಡವರು ಹೀಗೆ ಹೋಗುತ್ತಾರೆ. ಅವರನ್ನು ದೂರುವುದು ಸುಲಭ. ಆದರೆ ಸರಕಿಗೆಂದು ಮಾಡಿದ ಲಾರಿಯಲ್ಲಿ ಮನುಷ್ಯರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಲಾರಿ ಮಗುಚಿದರೆ ಸರಕೇ ಅವರ ಮೇಲೆ ಬೀಳುತ್ತದೆ.

ನಿಲ್ಲಿಸಬೇಕು ಎಂದೆ. ಆದರೆ ಎಲ್ಲಿ ನಿಲ್ಲಿಸುವುದು? 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ಅಲ್ಲಿ ನಿಂತಿದ್ದ ಕೇರಳದ ಮರ ಸಾಗಾಟದ ಲಾರಿ ಚಾಲಕನ ಸಮೇತ ಗಂಗಾವಳಿ ನದಿಯ ಪಾಲಾಯಿತು. ಸೆಪ್ಟೆಂಬರ್ 25ರಂದು ನದಿಯ ತಳದಿಂದ ಲಾರಿಯನ್ನೂ ಅದರೊಳಗಿದ್ದ ಮೃತದೇಹವನ್ನೂ ಮೇಲೆತ್ತಲಾಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಒಂದು ಕುಟುಂಬ ದಾರಿ ಕಾಯಿತು. ಎಲ್ಲ ಅಪಾಯವೂ ಚಾಲಕನ ತಪ್ಪಿನಿಂದ ಬರುವುದಿಲ್ಲ. ಗುಡ್ಡ ಕಡಿದು ರಸ್ತೆ ಮಾಡುವವರಿಗೂ, ಲಾರಿಗಳು ತಂಗಲು ಸುರಕ್ಷಿತ ಜಾಗ ಒದಗಿಸಬೇಕಾದವರಿಗೂ ಹೊಣೆಯಿದೆ.

ರಸ್ತೆಯಲ್ಲೇ ನಿಂತ ಲಾರಿಯೂ ಇನ್ನೊಬ್ಬರಿಗೆ ಮೃತ್ಯುವಾಗಬಲ್ಲದು. ಕೆಟ್ಟು ನಿಂತ ಲಾರಿಯ ಹಿಂದೆ ಪ್ರತಿಫಲಿಸುವ ತ್ರಿಕೋನ ಫಲಕ ಇಡದಿದ್ದರೆ ಕತ್ತಲಲ್ಲಿ ಬೈಕ್ ಸವಾರನಿಗೆ ಅದು ಕಾಣಿಸುವುದಿಲ್ಲ. ಚಕ್ರ ಜಾರದಂತೆ ಇಟ್ಟ ದೊಡ್ಡ ಕಲ್ಲುಗಳನ್ನು ರಿಪೇರಿ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗುವವರಿದ್ದಾರೆ. ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಈಮಾನ್‌ನ ಭಾಗವೆಂದು ಪ್ರವಾದಿ(ಸ)ರು ಕಲಿಸಿದ್ದನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಪಾಠದ ನಿಜವಾದ ಪರೀಕ್ಷೆ ನಡೆಯುವುದು ಹೆದ್ದಾರಿಯಲ್ಲಿ.

ಕಾನೂನು ಇದೆ, ಆದರೆ...

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತ್ತು. ಐದು ಗಂಟೆ ದುಡಿದರೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕಿತ್ತು. ಇದನ್ನು ಕಾಕನಿಗೆ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕರು. ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಪಡೆಯುವವನು ನಿಂತಷ್ಟು ಹೊತ್ತೂ ಅವನ ಸಂಪಾದನೆಯೂ ನಿಲ್ಲುತ್ತದೆ. ಹಿಂದೆ ಜೊತೆಗೆ ಕ್ಲೀನರ್ ಇರುತ್ತಿದ್ದ. ಈಗ ಅನೇಕ ಲಾರಿಗಳಲ್ಲಿ ಚಾಲಕ ಒಬ್ಬನೇ.

ಒಳ್ಳೆಯ ಬದಲಾವಣೆಗಳೂ ಆಗಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ. ಸೆಕೆಯಲ್ಲಿ ಬೇಯುವ ಚಾಲಕನಿಗೆ ಬೇಗ ದಣಿವಾಗುತ್ತದೆ ಎಂಬುದು ಕೊನೆಗೂ ಅರ್ಥವಾಗಿದೆ. ಆದರೆ ರಸ್ತೆಯಲ್ಲಿ ಈಗಾಗಲೇ ಓಡುತ್ತಿರುವ ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಮನೆಯಲ್ಲಿರುವ ಬ್ರೇಕು

ಕೊನೆಯ ಬೆಂಚಿನ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಒಂದು ವರ್ಷ ರಮಝಾನ್ ಕಳೆದ ಮೇಲೆ ಅವನು ಹತ್ತು ದಿನ ತರಗತಿಗೆ ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆ. ತಂದೆ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದರು. ಹಬ್ಬಕ್ಕೆ ಮನೆ ಸೇರಬೇಕೆಂದು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡದೆ ಓಡಿಸಿದ್ದರು. ಬೆಳಗಿನ ಜಾವ ಕಣ್ಣು ಮುಚ್ಚಿ ಲಾರಿ ರಸ್ತೆ ಬದಿಯ ಮರಕ್ಕೆ ಬಡಿಯಿತು. ಅಲ್ಲಾಹನ ಕೃಪೆ, ಬೇರೆ ಯಾರಿಗೂ ಏನೂ ಆಗಲಿಲ್ಲ.

ಬಾಗಿಲ ಮರೆಯಿಂದ ಆ ಸಹೋದರಿ ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ಉಸ್ತಾದರೇ, ಆ ರಾತ್ರಿ ನಾನು ನಾಲ್ಕು ಸಲ ಫೋನ್ ಮಾಡಿದ್ದೆ. ಮಕ್ಕಳು ಕಾಯುತ್ತಿದ್ದಾರೆ, ಎಲ್ಲರ ಗಂಡಂದಿರೂ ಬಂದಾಯಿತು, ನಿಮ್ಮದು ಯಾವಾಗಲೂ ಹೀಗೇ ಎಂದೆ."

ನಾನು ಹೇಳಿದೆ, "ಅದು ನಿಮ್ಮ ತಪ್ಪಲ್ಲ. ಹಬ್ಬಕ್ಕೆ ಗಂಡ ಬರಲಿ ಎಂದು ಆಸೆ ಪಡುವುದು ತಪ್ಪೇ? ಹಬ್ಬದ ಮುನ್ನಾ ದಿನದವರೆಗೆ ಲೋಡ್ ಕಳಿಸಿದ ಮಾಲಕನನ್ನು ಯಾರೂ ಕೇಳಲಿಲ್ಲವಲ್ಲ." ಅವರು ಅಳುತ್ತಿದ್ದರು. ಆದರೆ ಮನೆಗೆ ಬರುವ ದಾರಿಯಲ್ಲಿ ಸಕಲೇಶಪುರದ ಆ ಹೋಟೆಲಿನ ಅಂಗಳ ನೆನಪಾಯಿತು. ಆ ಸಹೋದರಿ ಫೋನಿನಲ್ಲಿ ಹೇಳಿದ್ದನ್ನೇ ನಾನು ಲಾರಿಯೊಳಗೆ ಕುಳಿತು ಹೇಳಿದ್ದೆ.

ಸಹೋದರಿಯರೇ, ನಿಮ್ಮ ಪತಿ, ಮಗ, ಸಹೋದರ ಯಾರಾದರೂ ಲಾರಿ ಓಡಿಸುವವರಾಗಿದ್ದರೆ ಈ ಕೆಲವು ವಿಷಯಗಳನ್ನು ಗಮನಿಸಿ:

ಫೋನಿಗೆ ಸಮಯ ಗೊತ್ತುಮಾಡಿಕೊಳ್ಳಿ. ಅವರು ಲಾರಿ ನಿಲ್ಲಿಸಿದಾಗ ಅವರೇ ಕರೆ ಮಾಡಲಿ. "ಎಷ್ಟು ಹೊತ್ತಿಗೆ ತಲುಪುತ್ತೀರಿ?" ಎಂಬ ಪ್ರಶ್ನೆಯ ಬದಲು "ಮಲಗಿದಿರಾ?" ಎಂದು ಕೇಳಿ.

ಮನೆಗೆ ಬಂದ ದಿನ ಮೊದಲು ನಿದ್ದೆ ಮಾಡಲಿ. ರೇಶನ್, ಬ್ಯಾಂಕ್, ನೆಂಟರ ಮನೆ ಎಲ್ಲವೂ ಆ ಮೇಲೆ. ಹಗಲಲ್ಲಿ ಮಲಗಿದ್ದಾರೆಂದು ಯಾರಾದರೂ ಆಡಿಕೊಂಡರೆ ಲಕ್ಷ್ಯ ಕೊಡಬೇಡಿ. ಮಕ್ಕಳಿಗೂ ತಿಳಿಸಿ ಹೇಳಿ.

ವರ್ಷಕ್ಕೊಮ್ಮೆ ಕಣ್ಣು, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಗಂಟೆಗಟ್ಟಲೆ ಕುಳಿತೇ ಇರುವ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಕೆಲಸವಿದು. ಇರುಳಲ್ಲಿ ಎದುರಿನ ದೀಪ ಕಣ್ಣು ಕುಕ್ಕುತ್ತದೆ ಎಂದರೆ ಉದಾಸೀನ ಮಾಡಬೇಡಿ.

ಧರ್ಮ ಕೊಟ್ಟ ರಿಯಾಯಿತಿಯನ್ನು ನೆನಪಿಸಿ. ಪ್ರಯಾಣಿಕನಿಗೆ ನಾಲ್ಕು ರಕಅತ್‌ನ ನಮಾಝನ್ನು ಎರಡಾಗಿ ಖಸ್ರ್ ಮಾಡುವ, ರಮಝಾನ್‌ನ ಉಪವಾಸವನ್ನು ಮುಂದೂಡಿ ನಂತರ ಪೂರೈಸುವ ಅವಕಾಶವಿದೆ. ಇದರ ವಿವರಗಳನ್ನು ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿ ತಿಳಿಯಿರಿ. ದಣಿದ ಪ್ರಯಾಣಿಕನ ಮೇಲೆ ಅಲ್ಲಾಹನೇ ಭಾರ ಇಳಿಸಿರುವಾಗ ನಾವು ಭಾರ ಹೊರಿಸುವುದು ಸರಿಯೇ?

ದಾಖಲೆಗಳ ಪ್ರತಿ ಮನೆಯಲ್ಲಿರಲಿ. ಲೈಸೆನ್ಸ್ ಪ್ರತಿ, ಮಾಲಕರ ವಿಳಾಸ, ಲಾರಿಯ ನಂಬರ್ ನಿಮ್ಮಲ್ಲಿರಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿ ಪರಿಹಾರವಿದೆ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕದಲ್ಲಿ 2024ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ. ಹತ್ತಿರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ನೋಂದಣಿಯ ಬಗ್ಗೆ ವಿಚಾರಿಸಿ. ಹೆದ್ದಾರಿಯ ಸಹಾಯವಾಣಿ 1033, ತುರ್ತು ಕರೆ 112. ಇವು ಮಕ್ಕಳಿಗೂ ಬಾಯಿಪಾಠವಾಗಿರಲಿ.

ನಿಮ್ಮ ಮನೆಯಲ್ಲಿ ಚಾಲಕರಿಲ್ಲದಿದ್ದರೂ ನಿಮಗೊಂದು ಪಾಲಿದೆ. ಘಾಟಿಯಲ್ಲಿ ನಿಧಾನವಾಗಿ ಇಳಿಯುವ ಲಾರಿಯ ಹಿಂದೆ ನಿಮ್ಮ ಕಾರು ಸಿಕ್ಕಿಕೊಂಡಾಗ, ಹಾರ್ನ್ ಒತ್ತುವ ಪತಿಯನ್ನೋ ಮಗನನ್ನೋ ತಡೆಯಿರಿ. ಮುಂದಿರುವ ಆ ಮನುಷ್ಯ ಸೋಮಾರಿಯಲ್ಲ. ಅವನು ತನ್ನ ಕೆಲಸವನ್ನು ಬಲ್ಲವನು.

ಆ ಹುಡುಗನ ತಂದೆ ಈಗ ಮತ್ತೆ ಲಾರಿ ಓಡಿಸುತ್ತಿದ್ದಾರೆ. ಬೇರೆ ಕೆಲಸ ಅವರಿಗೆ ಗೊತ್ತಿಲ್ಲ. ಕಳೆದ ಹಬ್ಬದ ದಿನ ಹುಡುಗ ಮಸೀದಿಯಲ್ಲಿ ಚಿಕ್ಕಪ್ಪನ ಕೈ ಹಿಡಿದು ನಿಂತಿದ್ದ. "ಅಬ್ಬ ಬರಲಿಲ್ಲವೇ?" ಎಂದೆ. "ನಾಳೆ ಬರುತ್ತಾರೆ ಉಸ್ತಾದ್. ನಿದ್ದೆ ಬಂತಂತೆ, ದಾರಿಯಲ್ಲಿ ಮಲಗಿದ್ದಾರೆ. ಮಲಗಿಯೇ ಬನ್ನಿ ಎಂದು ಉಮ್ಮ ಹೇಳಿದರು" ಎಂದ.

ಹಬ್ಬ ಒಂದು ದಿನ ತಡವಾಗಿ ಆ ಮನೆಗೆ ಬಂತು.