ದಿಂಬಿಗೆ ಕಸೂತಿ ಹಾಕಲು ಬಂದವಳಲ್ಲ

ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ಒಂದು ಆರಾಮ ಕುರ್ಚಿ ಹೆಚ್ಚಾಗಿ ಇದ್ದೇ ಇರುತ್ತದೆ. ಹಲಸಿನದೋ ಬೀಟಿಯದೋ ಚೌಕಟ್ಟು, ಬೆತ್ತದ ಹೆಣಿಗೆ ಅಥವಾ ದಪ್ಪ ಬಟ್ಟೆಯ ಜೋಲಿ, ಕಾಲು ನೀಡಲು ಉದ್ದನೆಯ ಕೈಗಳು. ಮನೆಯ ಹಿರಿಯರು ಮಧ್ಯಾಹ್ನದ ಊಟ ಮುಗಿಸಿ ಅದರಲ್ಲಿ ಒರಗಿ ಪತ್ರಿಕೆ ಓದುತ್ತಾರೆ. ಆ ಕುರ್ಚಿಯನ್ನು ಯಾವ ಅಜ್ಜ ಮಾಡಿಸಿದರೆಂದು ಮನೆಯವರಿಗೆ ಗೊತ್ತು. ಮಾಡಿದ ಆಚಾರಿಯ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ಇದು ನಮ್ಮ ಊರಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಜಗತ್ಪ್ರಸಿದ್ಧವಾದ ಒಂದು ಆರಾಮ ಕುರ್ಚಿಯಿದೆ. ಬಹುಕಾಲ ಅದು ಒಬ್ಬ ಮಹಾಶಿಲ್ಪಿಯ ಹೆಸರಿನಲ್ಲೇ ನಡೆಯಿತು. ಅದರ ಹಿಂದೆ ಇದ್ದ ಕೈ 25ರ ಹರೆಯದ ಒಬ್ಬ ತರುಣಿಯದು ಎಂಬುದು ಬೆಳಕಿಗೆ ಬರಲು ದಶಕಗಳೇ ಬೇಕಾದವು. ಆಕೆಯ ಹೆಸರು ಶಾರ್ಲೊಟ್ ಪೆರಿಯಾಂ.

ಅಟ್ಟದ ಮೇಲಿನ ಮನೆ

ಶಾರ್ಲೊಟ್ ಹುಟ್ಟಿದ್ದು 1903ರಲ್ಲಿ, ಪ್ಯಾರಿಸಿನಲ್ಲಿ. ತಂದೆ ದರ್ಜಿ, ತಾಯಿ ಬಟ್ಟೆ ಹೊಲಿಯುವವಳು. ಕೈಕೆಲಸದ ಮನೆತನವೆಂದೇ ಹೇಳಬೇಕು. 1920ರಿಂದ 1925ರ ವರೆಗೆ ಆಕೆ ಅಲಂಕಾರ ಕಲೆಗಳ ಶಾಲೆಯಲ್ಲಿ ಗೃಹಾಲಂಕಾರವನ್ನು ಕಲಿತಳು. ಪ್ಯಾರಿಸಿನ ಶ್ರೀಮಂತರ ಮನೆಗಳಲ್ಲಿ ಆಗ ಕರಿಮರ, ಆನೆದಂತ, ಮೀನಿನ ಚರ್ಮ ಮುಂತಾದ ದುಬಾರಿ ವಸ್ತುಗಳನ್ನು ಬಳಸಿದ ಪೀಠೋಪಕರಣಗಳೇ ಶೋಭೆ. 1925ರಲ್ಲಿ ಅದೇ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ಅಲಂಕಾರ ಕಲಾ ಪ್ರದರ್ಶನದಿಂದಲೇ ಆ ಶೈಲಿಗೆ 'ಆರ್ಟ್ ಡೆಕೊ' ಎಂಬ ಹೆಸರು ಬಂದಿತು.

ಆದರೆ ಈ ತರುಣಿಯ ಕಣ್ಣು ಬೀದಿಯ ಕಡೆಗಿತ್ತು. ಮೋಟಾರು ಕಾರಿನ ಹೊಳೆಯುವ ದೀಪ, ಸೈಕಲ್ಲಿನ ಹ್ಯಾಂಡಲು, ವಿಮಾನದ ರೆಕ್ಕೆ ಇವೇ ಆಕೆಗೆ ಹೊಸ ಕಾಲದ ಸೌಂದರ್ಯವಾಗಿ ಕಂಡವು. ಕತ್ತಿಗೆ ಚಿನ್ನದ ಸರದ ಬದಲು, ಬಾಲ್ ಬೇರಿಂಗಿನ ಗುಂಡುಗಳಂತೆ ಹೊಳೆಯುವ ಮಣಿಸರ ಹಾಕಿಕೊಂಡು ತಿರುಗುತ್ತಿದ್ದಳು. ಮದುವೆಯಾಗಿ ಒಂದು ಕಟ್ಟಡದ ಅಟ್ಟದ ಮೇಲಿನ ಹಳೆಯ ಫೋಟೋ ಸ್ಟುಡಿಯೋದಲ್ಲಿ ಸಂಸಾರ ಹೂಡಿದಾಗ, ಅದರ ಒಳಗೆಲ್ಲ ಲೋಹ ಮತ್ತು ಗಾಜಿನ ಸಾಮಾನುಗಳನ್ನೇ ತಾನೇ ವಿನ್ಯಾಸ ಮಾಡಿ ಇರಿಸಿದಳು.

ಪ್ಯಾರಿಸಿನಲ್ಲಿ ವರ್ಷವೂ ಶರತ್ಕಾಲದಲ್ಲಿ ನಡೆಯುವ 'ಸಲೋಂ ದೋತೋನ್' ಎಂಬ ಪ್ರದರ್ಶನವಿದೆ. 1927ರಲ್ಲಿ ಶಾರ್ಲೊಟ್ ಅಲ್ಲಿ 'ಸೂರಿನಡಿಯ ಬಾರ್' ಎಂಬ ಹೆಸರಿನಲ್ಲಿ ತನ್ನ ಅಟ್ಟದ ಮನೆಯ ಒಂದು ಮೂಲೆಯನ್ನೇ ಇದ್ದಂತೆ ಕಟ್ಟಿ ತೋರಿಸಿದಳು. ನಿಕ್ಕಲ್ ಲೇಪಿಸಿದ ತಾಮ್ರ, ಅಲ್ಯುಮಿನಿಯಂ, ಎತ್ತರದ ಸ್ಟೂಲುಗಳು. ಎಲ್ಲೂ ಕೆತ್ತನೆಯಿಲ್ಲ, ಹೂಬಳ್ಳಿಯಿಲ್ಲ. ನೋಡಿದವರು ಬೆರಗಾದರು. ಪತ್ರಿಕೆಗಳು ಹೊಗಳಿದವು.

ಮುಚ್ಚಿದ ಬಾಗಿಲು ತೆರೆದದ್ದು

ಅದೇ ಸುಮಾರಿಗೆ ಆಕೆ ಲ ಕಾರ್ಬೂಸಿಯೆ ಬರೆದ ಪುಸ್ತಕಗಳನ್ನು ಓದಿ, ಅವನ ಕಚೇರಿಯಲ್ಲಿ ಕೆಲಸ ಕೇಳಲು ಹೋದಳು. ಚಂಡೀಗಢ ನಗರವನ್ನು ಮುಂದೆ ರೂಪಿಸಿದ ವಾಸ್ತುಶಿಲ್ಪಿ ಈತನೇ. ಆತ ಚಿತ್ರಗಳ ಮೇಲೆ ಕಣ್ಣಾಡಿಸಿ, ಇಲ್ಲಿ ನಾವು ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂದು ಹೇಳಿ ಕಳುಹಿಸಿಬಿಟ್ಟನಂತೆ. ಹೆಣ್ಣುಮಗಳು, ಗೃಹಾಲಂಕಾರ ಕಲಿತವಳು. ದಿಂಬಲ್ಲದೆ ಬೇರೇನು ಮಾಡಿಯಾಳು ಎಂಬ ಭಾವನೆ.

ಆಕೆ ಅಳುತ್ತಾ ಕೂರಲಿಲ್ಲ. ಪ್ರದರ್ಶನದಲ್ಲಿ ತನ್ನ ಕೆಲಸವಿದೆ, ಬಂದು ನೋಡಿ ಎಂದು ಆಹ್ವಾನವಿತ್ತು ಬಂದಳು. ಕಾರ್ಬೂಸಿಯೆ ತನ್ನ ದಾಯಾದಿ ಸಹೋದರ ಪಿಯೆರ್ ಜಾನರೆಯೊಡನೆ ಹೋಗಿ ನೋಡಿದ. ನೋಡಿದ ಮೇಲೆ ತಾನೇ ಕರೆಸಿ ಕೆಲಸ ಕೊಟ್ಟ. ಅರ್ಜಿ ಮಾಡಲಾಗದ್ದನ್ನು ಪ್ರದರ್ಶನ ಮಾಡಿತು. ಆಕೆ ಅಲ್ಲಿ ಹತ್ತು ವರ್ಷ, 1937ರ ವರೆಗೆ ದುಡಿದಳು. ಮನೆಯ ಒಳಗಿನ ಸಾಮಾನುಗಳ ಹೊಣೆ ಆಕೆಯದೇ ಆಯಿತು.

1928ರಲ್ಲಿ ಮೂವರೂ ಸೇರಿ ರೂಪಿಸಿದ ಕುರ್ಚಿಗಳಲ್ಲಿ ಮುಖ್ಯವಾದವು ಮೂರು. ಹಿಂದೆಮುಂದೆ ವಾಲುವ ಬೆನ್ನಿನ ಕುರ್ಚಿ ಒಂದು. ಉಕ್ಕಿನ ಕೊಳವೆಯ ಬುಟ್ಟಿಯೊಳಗೆ ದಪ್ಪ ದಿಂಬುಗಳನ್ನು ತುಂಬಿಸಿದಂತಿರುವ ಸೋಫಾ ಇನ್ನೊಂದು. ಮೂರನೆಯದೇ ಆ ಆರಾಮ ಕುರ್ಚಿ. ಅದರ ಉಪಾಯ ಬಹಳ ಸರಳ. ಒರಗುವ ಭಾಗವನ್ನು ಬಿಲ್ಲಿನಂತೆ ಬಾಗಿದ ಉಕ್ಕಿನ ಕೊಳವೆಯ ಮೇಲೆ ಕಟ್ಟಿ, ಕೆಳಗೆ ಬೇರೆಯೇ ಒಂದು ಪೀಠದ ಮೇಲೆ ಇರಿಸಲಾಗಿದೆ. ಎರಡನ್ನೂ ಜೋಡಿಸುವ ತಿರುಪಿಲ್ಲ, ಕೀಲಿಲ್ಲ. ರಬ್ಬರಿನ ಘರ್ಷಣೆಯಿಂದಲೇ ಅದು ಜಾರದೆ ನಿಲ್ಲುತ್ತದೆ. ಬಿಲ್ಲನ್ನು ಸರಿಸಿದರೆ ಕುಳಿತೂ ಇರಬಹುದು, ಕಾಲೆತ್ತಿ ಮಲಗಲೂಬಹುದು. ಪೀಠದಿಂದ ಎತ್ತಿ ನೆಲದ ಮೇಲಿಟ್ಟರೆ ತೂಗುಕುರ್ಚಿ.

ಸೈಕಲ್ ತಯಾರಿಸುವ ಪ್ಯೂಜೊ ಕಂಪೆನಿಯ ಬಳಿ ಆಕೆ ಕೊಳವೆಗಾಗಿ ಹೋದಾಗ ಅವರು ಒಪ್ಪಲಿಲ್ಲ. ಕೊನೆಗೆ ತೋನೆಟ್ ಕಂಪೆನಿ ಮುಂದೆ ಬಂದಿತು. 1929ರ ಸಲೋಂ ದೋತೋನಿನಲ್ಲಿ ಈ ಸಾಮಾನುಗಳಿಂದ ಸಜ್ಜಾದ ಒಂದು ಇಡೀ ಮನೆಯನ್ನೇ ಮೂವರ ಹೆಸರಿನಲ್ಲಿ ಪ್ರದರ್ಶಿಸಲಾಯಿತು.

ಆ ಕಾಲದ ಒಂದು ಫೋಟೋ ಬಹಳ ಪ್ರಸಿದ್ಧವಾಗಿದೆ. ಆ ಆರಾಮ ಕುರ್ಚಿಯಲ್ಲಿ ಒಬ್ಬ ತರುಣಿ ಕಾಲು ಮೇಲಾಗಿ ಮಲಗಿದ್ದಾಳೆ. ಆಕೆ ಶಾರ್ಲೊಟ್ ಪೆರಿಯಾಂ. ಮುಖ ಮಾತ್ರ ಗೋಡೆಯ ಕಡೆಗೆ ತಿರುಗಿದೆ. ಯಾರೆಂದು ಗುರುತು ಸಿಗುವುದಿಲ್ಲ. ಮುಂದೆ ನಡೆದದ್ದೂ ಹಾಗೆಯೇ. 1959ರಲ್ಲಿ ಜೂರಿಚ್‌ನಲ್ಲಿ ಹೈದಿ ವೆಬರ್ ಎಂಬಾಕೆಯೂ, 1960ರ ದಶಕದ ನಡುವಿನಲ್ಲಿ ಇಟಲಿಯ ಕಸೀನಾ ಕಂಪೆನಿಯೂ ಈ ಕುರ್ಚಿಗಳನ್ನು ಮತ್ತೆ ತಯಾರಿಸತೊಡಗಿದಾಗ, ಲ ಕಾರ್ಬೂಸಿಯೆಯ ಹೆಸರೇ ಮುಂದೆ ನಿಂತಿತು. 'ಎಲ್‌ಸಿ' ಎಂಬ ಅವನ ಹೆಸರಿನ ಅಕ್ಷರಗಳಿಂದಲೇ ಅವು ಪ್ರಖ್ಯಾತವಾದವು.

ಉಕ್ಕಿನಿಂದ ಬಿದಿರಿಗೆ

ಈ ಕಥೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಯಂತ್ರದಿಂದ ತಯಾರಾಗಿ ಸಾಮಾನ್ಯ ಸಂಸಾರಸ್ಥರ ಕೈಗೆಟಕಬೇಕೆಂಬುದು ಉಕ್ಕಿನ ಕುರ್ಚಿಯ ಉದ್ದೇಶ. ವಾಸ್ತವದಲ್ಲಿ ಅದು ದುಬಾರಿಯಾಯಿತು. ಉಳ್ಳವರ ಮನೆ ಸೇರಿತು. ಪೆರಿಯಾಂ ಇದನ್ನು ಕಂಡುಕೊಂಡಳು. 1929ರಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಮರಕ್ಕಿಂತ ಲೋಹವೇ ಮೇಲೆಂದು ವಾದಿಸಿದ್ದ ಆಕೆ, ಕೆಲವೇ ವರ್ಷಗಳಲ್ಲಿ ಮರ ಮತ್ತು ಹುಲ್ಲಿನ ಹೆಣಿಗೆಗೆ ಮರಳಿದಳು. ತಾನು ಹೇಳಿದ್ದನ್ನು ತಾನೇ ಬಿಟ್ಟುಕೊಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

1936ರಲ್ಲಿ ಪ್ಯಾರಿಸಿನ ಗೃಹೋಪಯೋಗಿ ವಸ್ತುಗಳ ಪ್ರದರ್ಶನಕ್ಕೆ ಜನ ಹೊಸ ಒಲೆ, ಹೊಸ ಕಪಾಟು ನೋಡಲು ಬಂದರೆ, ಪೆರಿಯಾಂ ಅಲ್ಲಿ ಗೋಡೆಯುದ್ದಕ್ಕೂ ಫೋಟೋಗಳನ್ನು ಜೋಡಿಸಿದ ಬೃಹತ್ ಚಿತ್ರವನ್ನು ನಿಲ್ಲಿಸಿದ್ದಳು. ಅದರ ಹೆಸರು 'ಪ್ಯಾರಿಸಿನ ಮಹಾ ದೈನ್ಯ'. ಕೊಳಕು ಕೇರಿಗಳು, ಗಾಳಿ ಬೆಳಕಿಲ್ಲದ ಬಿಡಾರಗಳು ಅದರಲ್ಲಿದ್ದವು. ಮಲಗಲು ಸರಿಯಾದ ಕೋಣೆಯಿಲ್ಲದವನಿಗೆ ಯಾವ ಕುರ್ಚಿ ಇದ್ದು ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಪ್ರದರ್ಶನದ ನಡುವೆಯೇ ಇಟ್ಟಂತಾಯಿತು.

1940ರ ಜೂನ್‌ನಲ್ಲಿ ಜರ್ಮನರು ಪ್ಯಾರಿಸನ್ನು ಹಿಡಿದ ದಿನಗಳಲ್ಲೇ ಆಕೆ ಹಡಗು ಹತ್ತಿ ಜಪಾನಿಗೆ ಹೊರಟಳು. ಕೈಗಾರಿಕಾ ಕಲೆಗೆ ಸಲಹೆಗಾರ್ತಿಯಾಗಿ ಅಲ್ಲಿನ ಸರಕಾರ ಆಹ್ವಾನಿಸಿತ್ತು. ಆಕೆ ಊರೂರು ಸುತ್ತಿ, ಹಳ್ಳಿಯ ಕುಶಲಕರ್ಮಿಗಳ ಕೈಗಳನ್ನು ಗಮನಿಸಿದಳು. 1941ರಲ್ಲಿ ಟೋಕಿಯೋ ಮತ್ತು ಒಸಾಕಾದ ತಕಶಿಮಾಯ ಮಳಿಗೆಗಳಲ್ಲಿ ನಡೆದ ಆಕೆಯ ಪ್ರದರ್ಶನದಲ್ಲಿ ಅದೇ ಆರಾಮ ಕುರ್ಚಿ ಮತ್ತೆ ಕಾಣಿಸಿಕೊಂಡಿತು. ಈ ಸಲ ಅದು ಬಿದಿರಿನದು! ಬಿದಿರು ಬಾಗುತ್ತದೆ, ಭಾರ ಹೊರುತ್ತದೆ, ಸುತ್ತಮುತ್ತ ಬೆಳೆಯುತ್ತದೆ. ಉಕ್ಕು ಮಾಡುವ ಕೆಲಸವನ್ನು ಅದು ಮಾಡದೇ?

ಯುದ್ಧದಿಂದಾಗಿ ಕೆಲವು ವರ್ಷ ಇಂಡೋಚೈನಾದಲ್ಲಿ ಕಳೆದು ಆಕೆ 1946ರಲ್ಲಿ ಊರು ಸೇರಿದಳು. ಮುಂದೆ ಆಲ್ಪ್ಸ್ ಪರ್ವತದ ಲೆ ಆರ್ಕ್ ಎಂಬ ವಿಹಾರಧಾಮದ ಕಟ್ಟಡಗಳಿಗಾಗಿ ವರ್ಷಗಟ್ಟಲೆ ದುಡಿದಳು. 1998ರಲ್ಲಿ ಆತ್ಮಕಥೆ ಪ್ರಕಟವಾಯಿತು. 1999ರಲ್ಲಿ, 96 ತುಂಬಿದ ಕೆಲವೇ ದಿನಗಳಲ್ಲಿ ಕಣ್ಣುಮುಚ್ಚಿದಳು. ಇಪ್ಪತ್ತು ವರ್ಷಗಳ ತರುವಾಯ, 2019ರಲ್ಲಿ, ಪ್ಯಾರಿಸಿನ ಲೂಯಿ ವಿತೋಂ ಪ್ರತಿಷ್ಠಾನ ತನ್ನ ಇಡೀ ಕಟ್ಟಡವನ್ನು ಆಕೆಯ ಕೃತಿಗಳ ಪ್ರದರ್ಶನಕ್ಕೆ ಬಿಟ್ಟುಕೊಟ್ಟಿತು.

ನಮ್ಮ ದೇಶದ ಮಾತು

ಕಾರ್ಬೂಸಿಯೆಯ ಸಹೋದರ ಜಾನರೆ 1951ರಿಂದ 1965ರ ವರೆಗೆ ಚಂಡೀಗಢದಲ್ಲಿದ್ದು ಕೆಲಸ ಮಾಡಿದರು. ಅಲ್ಲಿನ ಕಚೇರಿ, ಗ್ರಂಥಾಲಯಗಳಿಗೆಂದು ತೇಗ ಮತ್ತು ಬೆತ್ತದಿಂದ ಸಾವಿರಾರು ಕುರ್ಚಿಗಳು ತಯಾರಾದವು. ಕಾಲಾಂತರದಲ್ಲಿ ಅವನ್ನು ಹಳೆಯ ಸಾಮಾನೆಂದು ಮಹಡಿಯ ಮೇಲೆ ರಾಶಿ ಹಾಕಿದರು, ಜುಜುಬಿ ಬೆಲೆಗೆ ಮಾರಿದರು. ಅವೇ ಕುರ್ಚಿಗಳು ಮುಂದೆ ಪರದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. ಹೊರಗಿನವರು ಬೆಲೆ ಕಟ್ಟಿದ ಮೇಲೆಯೇ ನಮ್ಮ ಕಣ್ಣು ತೆರೆಯಿತು. ಆ ಕುರ್ಚಿಗಳಲ್ಲಿ ಕೆಲವಕ್ಕೆ ಯೂಲಿ ಚೌಧರಿ ಎಂಬ ಭಾರತೀಯ ಮಹಿಳಾ ವಾಸ್ತುಶಿಲ್ಪಿಯೂ ಕೈಜೋಡಿಸಿದ್ದರು. ಆ ಹೆಸರನ್ನು ಕೇಳಿದವರು ಎಷ್ಟು ಮಂದಿ? ಇನ್ನು ಬೆತ್ತ ಹೆಣೆದವರ, ತೇಗ ಕೊರೆದವರ ಹೆಸರಿನ ಮಾತು ಬಿಡಿ.

ಬಿದಿರಿಗೂ ಬೆತ್ತಕ್ಕೂ ನಮ್ಮಲ್ಲಿ ಕೊರತೆಯಿರಲಿಲ್ಲ; ಅವುಗಳನ್ನು ಬಲ್ಲ ಕೈಗಳಿಗೂ ಇರಲಿಲ್ಲ. ಈಗ ಜಗಲಿಯ ಕುರ್ಚಿ ಮುರಿದರೆ ಪ್ಲಾಸ್ಟಿಕಿನ ಕುರ್ಚಿ ಬರುತ್ತದೆ, ಹಳೆಯದು ಹಟ್ಟಿಯ ಅಟ್ಟ ಸೇರುತ್ತದೆ. ಅದನ್ನು ಒಮ್ಮೆ ಕೆಳಗಿಳಿಸಿ ಧೂಳು ಒರಸಿ ನೋಡೋಣ. ಬೆತ್ತ ಹೆಣೆಯಬಲ್ಲವರು ಇನ್ನೂ ಇದ್ದರೆ ಕರೆಸಿ ಕೆಲಸ ಕೊಡೋಣ. ಕೆಲಸ ಮುಗಿದ ಮೇಲೆ ಅವರ ಹೆಸರನ್ನೂ ವರ್ಷವನ್ನೂ ಕುರ್ಚಿಯ ಅಡಿಯಲ್ಲಿ ಬರೆಸಿಡೋಣ. ಮೊಮ್ಮಕ್ಕಳು ಕೇಳಿದಾಗ ಹೇಳಲು ಒಂದು ಹೆಸರಾದರೂ ಇರಲಿ.