ಅಕ್ಷರ ಕಳಚಿಟ್ಟ ಕೀಬೋರ್ಡ್

ಒಂದಕ್ಷರವೂ ಇಲ್ಲದ, ಅಚ್ಚ ಕಪ್ಪು ಕೀಬೋರ್ಡೊಂದು 2005ರಲ್ಲಿ ಅಮೆರಿಕದ ಆಸ್ಟಿನ್ ನಗರದಿಂದ ಮಾರುಕಟ್ಟೆಗೆ ಬಂತು. ಹೆಸರು ‘ದಾಸ್ ಕೀಬೋರ್ಡ್’. ಅದನ್ನು ಮಾಡಿಸಿದ ಸಾಫ್ಟ್‌ವೇರ್ ಉದ್ಯಮಿ ಡೇನಿಯಲ್ ಗೆರ್ಮರ್ ಅವರ ಲೆಕ್ಕ ಸರಳವಾಗಿತ್ತು: ಕೀ ಮೇಲೆ ನೋಡಲು ಏನೂ ಇಲ್ಲದಿದ್ದರೆ ಬೆರಳು ತಾನೇ ದಾರಿ ಕಲಿಯುತ್ತದೆ. ಪ್ರೋಗ್ರಾಮರ್‌ಗಳು ಅದನ್ನು ಕೊಂಡರು. ಜಪಾನಿನಲ್ಲಿ ಕಂಪ್ಯೂಟರ್ ವಿಜ್ಞಾನಿ ಎಯಿಚಿ ವಾಡಾ ವಿನ್ಯಾಸ ಮಾಡಿದ, 1996ರಲ್ಲಿ ಬಂದ ‘ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್’ ಕೂಡ ಮುಂದೆ ಅಕ್ಷರ ಮುದ್ರಿಸದ ಮಾದರಿಯಲ್ಲಿ ಸಿಗತೊಡಗಿತು.

ಆದರೆ ಈ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ನಡೆದ ಟೈಪಿಂಗ್ ಪಂದ್ಯದಲ್ಲಿ ಸಾಲ್ಟ್ ಲೇಕ್ ಸಿಟಿಯ ಕೋರ್ಟ್ ಶೀಘ್ರಲಿಪಿಕಾರ ಫ್ರಾಂಕ್ ಮೆಕ್‌ಗರಿನ್, ಟೈಪಿಂಗ್ ಶಿಕ್ಷಕ ಲೂಯಿ ಟ್ರೌಬ್‌ನನ್ನು ಸೋಲಿಸಿದ. ಪ್ರತಿ ನೋಡಿ ಟೈಪು ಮಾಡುವ ಸುತ್ತಿನಲ್ಲಿ ಟ್ರೌಬ್‌ನ ಕಣ್ಣು ಕಾಗದಕ್ಕೂ ಕೀಗಳಿಗೂ ಓಡಾಡಬೇಕಿತ್ತು. ಕೀ ಸ್ಥಾನಗಳನ್ನೆಲ್ಲ ಕಂಠಪಾಠ ಮಾಡಿದ್ದ ಮೆಕ್‌ಗರಿನ್‌ಗೆ ಆ ಕೆಲಸವೇ ಇರಲಿಲ್ಲ. ನೋಡದೆ ಹೊಡೆಯುವುದೇ ಟೈಪಿಂಗ್ ಎಂಬ ಪಾಠ ಅಲ್ಲಿಂದ ಹಬ್ಬಿತು. ನಮ್ಮೂರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲೂ ‘ಎ ಎಸ್ ಡಿ ಎಫ್’ ಹೊಡೆಯುವವರಿಗೆ ಮೇಷ್ಟ್ರು ಹೇಳುತ್ತಿದ್ದುದು ಒಂದೇ: ಕೀ ನೋಡಬೇಡಿ, ಪುಸ್ತಕ ನೋಡಿ.

ಹಾಗೆ ಕಲಿತದ್ದು ತಲೆಗಿಂತ ಹೆಚ್ಚಾಗಿ ಕೈಯಲ್ಲೇ ಉಳಿಯುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ಮಂದಿಗೆ ಖಾಲಿ ಕೀಬೋರ್ಡಿನ ಚಿತ್ರ ಕೊಟ್ಟು, 80 ಸೆಕೆಂಡಿನಲ್ಲಿ ಅಕ್ಷರ ತುಂಬಲು ಹೇಳಿದರು. ನಿಮಿಷಕ್ಕೆ ಸರಾಸರಿ 72 ಪದ ಟೈಪು ಮಾಡುತ್ತಿದ್ದ ಅವರು ಸರಿಯಾಗಿ ತುಂಬಿದ್ದು 26ರಲ್ಲಿ ಸುಮಾರು 15 ಮಾತ್ರ.

ಈಗ ಖಾಲಿ ಕೀಗಳ ಖಯಾಲಿ ಲ್ಯಾಪ್‌ಟಾಪಿಗೂ ಬಂದಿದೆ, ಆದರೆ ಅಲ್ಲಿ ಕೆಲಸ ಸಲೀಸಲ್ಲ. ಮೆಕ್ಯಾನಿಕಲ್ ಕೀಬೋರ್ಡಾದರೆ ಕೀಗಳ ಟೊಪ್ಪಿ ಕಿತ್ತು ಖಾಲಿಯದನ್ನು ಕೂರಿಸಬಹುದು. ಲ್ಯಾಪ್‌ಟಾಪಿನ ಟೊಪ್ಪಿ ತೆಳು ಪ್ಲಾಸ್ಟಿಕ್ ಕೊಂಡಿಗಳ ಮೇಲೆ ನಿಂತಿರುತ್ತದೆ. ಮಾಡೆಲ್ಲಿಗೊಂದು ಆಕಾರ, ಎಳೆಯುವಾಗ ಕೊಂಡಿ ಮುರಿಯುವ ಭಯ. ಉಗುರುಬಣ್ಣ ತೆಗೆಯುವ ಅಸಿಟೋನ್‌ನಿಂದ ಉಜ್ಜಿದರೆ ಅಕ್ಷರದ ಜೊತೆ ಎಬಿಎಸ್ ಪ್ಲಾಸ್ಟಿಕ್ಕೂ ಕರಗುತ್ತದೆ. ಹಿಂದಿನಿಂದ ಬೆಳಕು ಬರುವ ಕೀಗಳಲ್ಲಿ ಅಕ್ಷರವೆಂದರೆ ಮೇಲಿನ ಬಣ್ಣದಲ್ಲಿ ಬಿಟ್ಟ ಕಿಂಡಿ. ಅದನ್ನು ಅಳಿಸುವಂತಿಲ್ಲ, ಮುಚ್ಚಬೇಕು. ಆದ್ದರಿಂದ ಬಹುಮಂದಿ ಕಪ್ಪು ವಿನೈಲ್ ಸ್ಟಿಕರ್ ಅಂಟಿಸಿ ಸುಮ್ಮನಾಗುತ್ತಾರೆ. ಬಿಡಿಭಾಗಗಳನ್ನು ಬಳಕೆದಾರರೇ ಬದಲಿಸಬಹುದಾದ ಲ್ಯಾಪ್‌ಟಾಪ್ ಮಾಡುವ ಅಮೆರಿಕದ ‘ಫ್ರೇಮ್‌ವರ್ಕ್’ ಕಂಪನಿಯಂತೂ ಖಾಲಿ ಕೀಬೋರ್ಡನ್ನೇ ಮಾರುತ್ತದೆ.

ಕನ್ನಡ ಟೈಪು ಮಾಡುವವರಿಗೆ ಕೀ ಮೇಲಿನ ಅಕ್ಷರ ನಂಬದ ಬದುಕು ಹೊಸದೇನಲ್ಲ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಿಂದ ಮನೆಮಾತಾದ ಕೀ ವಿನ್ಯಾಸ ಇಂಗ್ಲಿಷ್ ಕೀಬೋರ್ಡಿನ ಮೇಲೇ ನಡೆಯುತ್ತದೆ. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಇಲ್ಲಿಯವರೆಗೆ ಕೀ ಮೇಲಿನ ಅಕ್ಷರ ನೆರವಾಗುತ್ತದೆ. ಆದರೆ ಟ ಇರುವುದು ‘ಕ್ಯೂ’ನಲ್ಲಿ, ಡ ‘ಡಬ್ಲ್ಯೂ’ನಲ್ಲಿ, ಷ ‘ಎಕ್ಸ್’ನಲ್ಲಿ. ಒತ್ತಕ್ಷರಕ್ಕೆ ‘ಎಫ್’. ‘ಅಟ್ಟ’ ಮೂಡಬೇಕಾದರೆ ಎ, ಕ್ಯೂ, ಎಫ್, ಕ್ಯೂ ಎಂದು ಬೆರಳು ಓಡಬೇಕು. ಕೀ ಓದಿದವರಿಗೆ ಅದು ಅರ್ಥವೇ ಆಗದು. ಎಡಗೈ ತೋರುಬೆರಳನ್ನು ಅದರ ಜಾಗದಲ್ಲಿ ನಿಲ್ಲಿಸಲೆಂದು ಸಣ್ಣ ಗೆರೆ ಉಬ್ಬಿಸಿರುವುದೂ ಅದೇ ‘ಎಫ್’ ಮೇಲೆ. ಹಾಗಾಗಿ ಕನ್ನಡದಲ್ಲಿ ಅತಿ ಹೆಚ್ಚು ಬೇಕಾಗುವ ಕೀಗಳಲ್ಲೊಂದು ಕಣ್ಣಿನ ಹಂಗಿಲ್ಲದೆ ಸಿಗುತ್ತದೆ.

ಖಾಲಿ ಕೀಗಳು ಎಲ್ಲರಿಗೂ ಹೇಳಿಸಿದ್ದಲ್ಲ. ಕಲಿಯುವವರಿಗೆ, ಒಂದೇ ಲ್ಯಾಪ್‌ಟಾಪ್ ಹಂಚಿಕೊಳ್ಳುವ ಮನೆಗೆ ಅಕ್ಷರಗಳು ಬೇಕು. ನುರಿತ ಕೈಗೂ ಮೇಲಿನ ಅಂಕಿಸಾಲು ಕೈಕೊಡುತ್ತದೆ, ಏಕೆಂದರೆ ಅಲ್ಲಿನ ಚಿಹ್ನೆಗಳನ್ನು ಬೆರಳು ದಿನವೂ ಮುಟ್ಟುವುದಿಲ್ಲ. ‘ನುಡಿ’ಯಲ್ಲಿ ಪಳಗಿದವರು ಖಾಲಿ ಕೀಗಳ ಮೇಲೆ ಪುಟಗಟ್ಟಲೆ ಕನ್ನಡ ಬರೆದಾರು, ತಡಕಾಡುವುದೇನಿದ್ದರೂ ಬ್ಯಾಂಕಿನ ಪಾಸ್‌ವರ್ಡ್ ಹಾಕುವಾಗ.